ಕುರುಬರು ಮಂದೆಗೆ ವಾಪಸ್ ಹೋದರಲ್ಲ, ಆಮೇಲೆ?

ಹಣತೆ

ಕ್ರಿಸ್ಮಸ್ ಕಥೆಯನ್ನು ನಾವು ಯಾವಾಗಲೂ ಗೋದಲಿಯ ಹತ್ತಿರವೇ ಮುಗಿಸಿಬಿಡುತ್ತೇವೆ. ಮಗು, ಮರಿಯ, ಯೋಸೇಫ, ಕುರುಬರು, ಮೇಲೊಂದು ನಕ್ಷತ್ರ. ಪರದೆ ಬಿತ್ತು, ಚಪ್ಪಾಳೆ. ಆದರೆ ಸುವಾರ್ತೆ, ಅಂದರೆ ಯೇಸುವಿನ ಕಥೆ, ಬರೆದ ಲೂಕ ಅಲ್ಲಿಗೆ ನಿಲ್ಲಿಸಿಲ್ಲ. ಎರಡನೇ ಅಧ್ಯಾಯದ 20ನೇ ವಚನ ತೆಗೆದು ನೋಡಿ. ಕುರುಬರು ದೇವರನ್ನು ಕೊಂಡಾಡುತ್ತಾ ಹಿಂತಿರುಗಿದರು ಅಂತ ಇದೆ. ಎಲ್ಲಿಗೆ ಹೋಗಿರುತ್ತಾರೆ? ಮಂದೆಗೇ ತಾನೆ. ಅದೇ ಕುರಿ, ಅದೇ ಕಾವಲು. ರಾಜ ಹೆರೋದ ಸಿಂಹಾಸನದಲ್ಲೇ ಕೂತಿದ್ದ. ರೋಮಿನವರ ಖಾನೇಷುಮಾರಿ ನಿಲ್ಲಲಿಲ್ಲ. ಹೊರಗಡೆ ಏನೂ ಬದಲಾಗಿರಲಿಲ್ಲ.

ನನ್ನ ಪ್ರಶ್ನೆ ಇಷ್ಟೆ. ದೇವರು ಮನುಷ್ಯನಾಗಿ ಹುಟ್ಟಿದರು ಅಂತ ನಿಜವಾಗಿ ನಂಬಿದವರ ಮಾಮೂಲಿ ದಿನ ಹೇಗಿರಬೇಕು? ಹಬ್ಬದ ದಿನ ಬಿಡಿ, ಅದು ಹೇಗೋ ಚೆನ್ನಾಗಿ ನಡೆಯುತ್ತದೆ. ಯಾವುದೋ ಒಂದು ಮಂಗಳವಾರ. ಕೆಲಸಕ್ಕೆ ತಡವಾಗಿದೆ, ನಿದ್ದೆ ಸಾಲದು, ಯಾರದ್ದೋ ಮಾತಿಗೆ ತಲೆ ಕೆಟ್ಟಿದೆ. ಆಗ?

"ಎಲ್ಲರನ್ನೂ ಪ್ರೀತಿಸಿ, ಇರುವುದನ್ನು ಹಂಚಿಕೊಳ್ಳಿ" ಅಂತ ದಯವಿಟ್ಟು ಬರೆಯಬೇಡಿ. ಅದು ಶುಭಾಶಯ ಪತ್ರದಲ್ಲೇ ಅಚ್ಚಾಗಿರುತ್ತದೆ. ನಮ್ಮ ಚರ್ಚಿನ ಸಭೆಯಲ್ಲಿ ನಾನು ಹದಿಹರೆಯದ ಮಕ್ಕಳಿಗೆ ಬೈಬಲ್ ತರಗತಿ ತೆಗೆದುಕೊಳ್ಳುತ್ತೇನೆ. ಅವರು ಕೇಳುವುದೂ ಇದನ್ನೇ. ಒಣ ಉತ್ತರ ಕೊಟ್ಟರೆ ಆ ಕ್ಷಣಕ್ಕೆ ಮೊಬೈಲ್ ಹೊರಗೆ ಬರುತ್ತದೆ.

ರಾತ್ರಿಪಾಳಿ

ಹಣತೆ ಅಕ್ಕ, ಆ ಕುರುಬರು ನಮ್ಮವರು. ರಾತ್ರಿ ಡ್ಯೂಟಿಯವರು! ಊರೆಲ್ಲ ಮಲಗಿದ್ದಾಗ ಎಚ್ಚರ ಇದ್ದವರಿಗೇ ಮೊದಲು ಸುದ್ದಿ ಸಿಕ್ಕಿದ್ದು.

ನಾನು ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್. ಹಬ್ಬದ ರಾತ್ರಿ ಡ್ಯೂಟಿ ಯಾರಿಗೂ ಬೇಡ. ಹೋದ ಕ್ರಿಸ್ಮಸ್‌ನಲ್ಲಿ ನನಗೆ ಬಿತ್ತು. ಮೂಲೆಯ ಹಾಸಿಗೆಯಲ್ಲಿ ಒಬ್ಬರು ಅಜ್ಜಿ. ನೋಡಲು ಯಾರೂ ಬಂದಿರಲಿಲ್ಲ. ಆಗಾಗ ಬೆಲ್ ಒತ್ತುತ್ತಿದ್ದರು. ಓಡಿ ಹೋದರೆ, "ಟೈಮ್ ಎಷ್ಟಾಯ್ತು ತಾಯಿ?" ಗಡಿಯಾರ ಎದುರಿನ ಗೋಡೆಯಲ್ಲೇ ಇತ್ತು, ಅವರ ಕಣ್ಣೂ ಚೆನ್ನಾಗಿಯೇ ಇತ್ತು. ಮೊದಮೊದಲು ನಾನು ಬಾಗಿಲಲ್ಲೇ ನಿಂತು ಟೈಮ್ ಹೇಳಿ ಬರುತ್ತಿದ್ದೆ. ಆಮೇಲೆ ಒಂದು ಸ್ಟೂಲ್ ಎಳೆದುಕೊಂಡು ಅವರ ಹಾಸಿಗೆ ಪಕ್ಕದಲ್ಲೇ ಕೂತು ಚಾರ್ಟ್ ಬರೆಯಲು ಶುರು ಮಾಡಿದೆ. ಅವರು ನನ್ನ ತೋಳಿನ ಬಟ್ಟೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡರು, ಡ್ರಿಪ್ ಹಾಕಿದ್ದ ಕೈಯಿಂದಲೇ. ಬೆಲ್ ನಿಂತಿತು. ಮಾತೇನೂ ಆಡಲಿಲ್ಲ. ನನ್ನ ಬರವಣಿಗೆಯೂ ಮುಗಿಯಿತು.

ಬಾಗಿಲಲ್ಲಿ ನಿಂತು ಟೈಮ್ ಹೇಳುವುದು, ಪಕ್ಕಕ್ಕೆ ಬಂದು ಕೂರುವುದು. ನನಗೆ ಕ್ರಿಸ್ಮಸ್ ಅಂದರೆ ಇದರ ನಡುವಿನ ವ್ಯತ್ಯಾಸ. ದೇವರು ಮೇಲಿಂದಲೇ ಮಾತು ಕಳಿಸುತ್ತಾ ಇರಬಹುದಿತ್ತು. ಬಂದು ಕೂತರು.

(ಬೆಳಿಗ್ಗೆ ಅದೇ ಅಜ್ಜಿ ದಿಂಬು ಸರಿಯಿಲ್ಲ ಅಂತ ನನಗೆ ಚೆನ್ನಾಗಿ ಬೈದರು. ಸುಮ್ನೆ ಚಿತ್ರ ಚಂದ ಆಗದಿರಲಿ ಅಂತ ಹೇಳಿದೆ.)

ಹಳೇ ಸದಸ್ಯ

ಒಳ್ಳೆಯ ಅನುಭವ. ಆದರೆ ಒಂದು ತಕರಾರಿದೆ. ರೋಗಿಯ ಪಕ್ಕ ಕೂರುವ ಕೆಲಸವನ್ನು ಎಲ್ಲ ಧರ್ಮದವರೂ ಮಾಡುತ್ತಾರೆ, ಯಾವ ಧರ್ಮವೂ ಬೇಡ ಅನ್ನುವವರೂ ಮಾಡುತ್ತಾರೆ. ಹಾಗಾದರೆ ಇದರಲ್ಲಿ ಕ್ರಿಸ್ತನ ವಿಷಯ ಏನು?

ಮತ್ತಾಯನ ಸುವಾರ್ತೆ 1:21ರಲ್ಲಿ ದೇವದೂತ ಯೋಸೇಫನಿಗೆ ಕಾರಣ ಹೇಳಿಬಿಟ್ಟಿದ್ದಾನೆ. ಈ ಮಗು ತನ್ನ ಜನರನ್ನು ಅವರ ಪಾಪಗಳಿಂದ ಬಿಡಿಸುತ್ತದೆ, ಅದಕ್ಕೇ ಯೇಸು ಅಂತ ಹೆಸರಿಡು ಅಂತ. ಮೊದಲು ರಕ್ಷಣೆ. ಗೋದಲಿಯ ದಾರಿ ಶಿಲುಬೆಗೆ ಹೋಗುತ್ತದೆ. 325ರಲ್ಲಿ ನೈಸಿಯಾದಲ್ಲಿ ಬಿಷಪ್ಪರೆಲ್ಲ ಕೂತು ವಾದ ಮಾಡಿದ್ದು ಯಾವುದಕ್ಕೆ? ಮಗನು ನಿಜವಾಗಿ ದೇವರೋ, ಅಥವಾ ದೇವರು ಸೃಷ್ಟಿ ಮಾಡಿ ಕಳಿಸಿದ ಯಾರೋ ಒಬ್ಬರೋ ಅನ್ನುವುದಕ್ಕೆ. ಯಾರನ್ನೋ ಕಳಿಸಿದ್ದಾದರೆ ದೇವರು ಬಂದಹಾಗೆ ಆಗಲಿಲ್ಲ. ಆಗ ಕ್ರಿಸ್ಮಸ್‌ನಲ್ಲಿ ಉಳಿಯುವುದು ಒಂದು ಬಡ ಮಗುವಿನ ಕಥೆ. ಅಂಥ ಮಕ್ಕಳು ದಿನಾ ಹುಟ್ಟುತ್ತವೆ.

ಇದನ್ನು ಬಿಟ್ಟು "ಒಳ್ಳೆಯವರಾಗಿರೋಣ" ಅನ್ನುವುದಕ್ಕೆ ಇಳಿಸಿದರೆ ನಮಗೆ ಹಬ್ಬವೇ ಬೇಕಿಲ್ಲ.

ರಾತ್ರಿಪಾಳಿ

ಹೌದು ಸರ್, ಎಲ್ಲರೂ ಮಾಡುತ್ತಾರೆ. ನನಗಿಂತ ಚೆನ್ನಾಗಿ ಮಾಡುವವರು ನನ್ನ ವಾರ್ಡಿನಲ್ಲೇ ಇದ್ದಾರೆ, ಅವರು ಚರ್ಚಿಗೆ ಬರುವವರಲ್ಲ. ನಾನು ಬೇರೆಯವರಿಗಿಂತ ದೊಡ್ಡ ಕೆಲಸ ಮಾಡಿದೆ ಅಂತ ಹೇಳಲಿಲ್ಲ. ಆ ರಾತ್ರಿ ಸ್ಟೂಲ್ ಎಳೆದುಕೊಳ್ಳಲು ನನಗೆ ನೆನಪಾದದ್ದು ಯಾರು ಅಂತ ಹೇಳಿದೆ, ಅಷ್ಟೆ.

ಸುಮ್ನೆ ಓದುವವ

ನಾನು ಕ್ರೈಸ್ತನಲ್ಲ, ಆದರೆ ಇಲ್ಲಿನ ಮಾತು ಓದಲು ಇಷ್ಟ. ಕೇಳಿದರೆ ಬೇಜಾರಿಲ್ಲ ತಾನೆ? ಡಿಸೆಂಬರ್ 25 ಅಂತ ಬೈಬಲಿನಲ್ಲಿ ಎಲ್ಲೂ ಇಲ್ಲ ಅಂತ ಕೇಳಿದ್ದೇನೆ. ಹಾಗಿದ್ದರೆ ಇಡೀ ಹಬ್ಬವೇ ಅಂದಾಜಿನ ಮೇಲೆ ನಿಂತಿದೆ ಅಂತಾಯಿತಲ್ವಾ?

ಹಳೇ ಸದಸ್ಯ

ಬೇಜಾರು ಯಾಕೆ, ಕೇಳಿ. ಬೈಬಲಿನಲ್ಲಿ ತಾರೀಖು ಇಲ್ಲ, ನಿಜ. ರೋಮಿನಲ್ಲಿ 354ರಲ್ಲಿ ತಯಾರಾದ ಒಂದು ಪಂಚಾಂಗದಲ್ಲಿ ಡಿಸೆಂಬರ್ 25 ಕಾಣಿಸುತ್ತದೆ. ಅರ್ಮೇನಿಯಾದ ಸಭೆ ಇವತ್ತಿಗೂ ಜನವರಿ 6ರಂದು ಆಚರಿಸುತ್ತದೆ. ಹಳೇ ಜೂಲಿಯನ್ ಕ್ಯಾಲೆಂಡರ್ ಬಿಡದ ಸಭೆಗಳಿಗೆ ಅದು ನಮ್ಮ ಲೆಕ್ಕದ ಜನವರಿ 7. ಯಾರ ನಂಬಿಕೆಗೂ ಇದರಿಂದ ತೊಂದರೆ ಆಗಿಲ್ಲ. ಮಾರ್ಕ, ಯೋಹಾನ ಇಬ್ಬರ ಸುವಾರ್ತೆಯಲ್ಲಿ ಹುಟ್ಟಿದ ಕಥೆಯೇ ಇಲ್ಲ.

ಇನ್ನೂ ಬೇಕಾದರೆ, ಮಗುವನ್ನು ನೋಡಲು ಕಾಣಿಕೆ ತಂದ ಜೋಯಿಸರು ಮೂವರು ಅಂತಲೂ ಎಲ್ಲೂ ಬರೆದಿಲ್ಲ. ಕಾಣಿಕೆ ಮೂರು, ಅದಕ್ಕೆ ಜನವೂ ಮೂರು ಅಂತ ನಾವೇ ಲೆಕ್ಕ ಹಾಕಿಕೊಂಡದ್ದು. ಮತ್ತಾಯನ ಪ್ರಕಾರ ಅವರು ಬಂದದ್ದು ಮನೆಗೆ. ಕೊಟ್ಟಿಗೆ ಅಂತ ಅವನು ಹೇಳುವುದಿಲ್ಲ. ಎತ್ತು, ಕತ್ತೆ ಕೂಡ ಹುಟ್ಟಿದ ಕಥೆಯಲ್ಲಿಲ್ಲ. 1223ರಲ್ಲಿ ಇಟಲಿಯ ಗ್ರೆಚ್ಚೋದಲ್ಲಿ ಅಸ್ಸಿಸಿಯ ಫ್ರಾನ್ಸಿಸ್ ನಿಜವಾದ ಎತ್ತು, ಕತ್ತೆ ನಿಲ್ಲಿಸಿ ಗೋದಲಿ ಮಾಡಿದರು. ಜನ ಕಣ್ಣಾರೆ ಬಡತನ ನೋಡಲಿ ಅಂತ. ಈಗ ನಾವು ಅದಕ್ಕೆ ಬಣ್ಣದ ಲೈಟ್ ಹಾಕುತ್ತೇವೆ.

ಸುಮ್ನೆ ಓದುವವ

ಸರಿ, ತಾರೀಖು ಬಿಡೋಣ. ಆದರೆ ಮಗುವಾಗಿ ಯಾಕೆ? ದೇವರು ಬರಲೇಬೇಕು ಅಂತಿದ್ದರೆ ದೊಡ್ಡವನಾಗಿಯೇ ಬಂದು ಕೆಲಸ ಮುಗಿಸಬಹುದಿತ್ತಲ್ಲ. ಟೈಮ್ ಉಳಿಯುತ್ತಿತ್ತು.

ಹಣತೆ

ನಮ್ಮ ತರಗತಿಯ ಹುಡುಗನೊಬ್ಬ ಇದನ್ನೇ ಕೇಳಿದ್ದ, ಟೈಮ್ ಉಳಿಯುತ್ತಿತ್ತು ಅನ್ನುವ ಮಾತೂ ಸೇರಿಸಿ!

ಮಗು ಅಂದರೆ ಏನು, ಯೋಚಿಸಿ. ತಲೆ ನಿಲ್ಲದು, ಯಾರಾದರೂ ಹಿಡಿಯಬೇಕು. ಬಟ್ಟೆ ಒದ್ದೆಯಾದರೆ ಯಾರಾದರೂ ಬದಲಾಯಿಸಬೇಕು. ಹಸಿವಾದರೆ ಅಳುವುದು ಬಿಟ್ಟರೆ ಬೇರೆ ದಾರಿಯಿಲ್ಲ. ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿ ಕ್ರಿಸ್ತನು ತನ್ನನ್ನು ಬರಿದು ಮಾಡಿಕೊಂಡನು, ದಾಸನ ರೂಪ ತೆಗೆದುಕೊಂಡನು ಅಂತ ಪೌಲ ಹೇಳುತ್ತಾನೆ. ಅದು ಎಷ್ಟು ದೂರ ಹೋಯಿತು ಅಂದರೆ ಇನ್ನೊಬ್ಬರ ಕೈಯಲ್ಲಿ ಸಾಕಿಸಿಕೊಳ್ಳುವಷ್ಟು.

ನನಗೆ ಜಾಸ್ತಿ ಕಾಡುವುದು ಅದರ ಮುಂದಿನ ಭಾಗ. ಯೇಸು ಬೋಧನೆ ಶುರು ಮಾಡಿದಾಗ ಸುಮಾರು 30 ವರ್ಷ ಅಂತ ಲೂಕ ಬರೆಯುತ್ತಾನೆ. ಅದಕ್ಕೆ ಮುಂಚೆ? ಎಳೆತನದ ಘಟನೆಗಳನ್ನು ಬಿಟ್ಟರೆ 12ನೇ ವಯಸ್ಸಿನಲ್ಲಿ ದೇವಾಲಯದಲ್ಲಿ ಉಳಿದುಕೊಂಡ ಒಂದು ಪ್ರಸಂಗ ಇದೆ. ಆಮೇಲೆ ನಜರೇತಿಗೆ ಹೋಗಿ ಅಪ್ಪ ಅಮ್ಮನಿಗೆ ಅಧೀನನಾಗಿದ್ದ, ಅಷ್ಟೆ. ಮುಂದೆ ಅದೇ ಊರಿನವರು "ಇವನು ಆ ಬಡಗಿ ಅಲ್ಲವೇ?" ಅಂತ ಮೂಗು ಮುರಿಯುತ್ತಾರೆ, ಮಾರ್ಕ 6ರಲ್ಲಿ. ಅಂದರೆ ಅಷ್ಟು ವರ್ಷ ಪಕ್ಕದಲ್ಲೇ ಇದ್ದರೂ ಯಾರಿಗೂ ವಿಶೇಷ ಅನ್ನಿಸಿರಲಿಲ್ಲ. ಮರ ಅಳೆಯುವುದು, ಕೊಯ್ಯುವುದು, ಹೇಳಿದ ದಿನಕ್ಕೆ ಕೊಡುವುದು. ದೇವರ ಮಗನ ಆಯುಸ್ಸಿನ ಜಾಸ್ತಿ ಪಾಲು ಸುದ್ದಿಯೇ ಆಗದ ದಿನಗಳಲ್ಲಿ ಕಳೆಯಿತು.

ಹಾಗಾಗಿ ಮಂಗಳವಾರವನ್ನು ನಾನು ಇನ್ನು ಕಡೆಗಣಿಸಲಾರೆ. ಆದರೆ ಅಲ್ಲಿ ಏನು ಮಾಡಬೇಕು ಅನ್ನುವ ಪ್ರಶ್ನೆ ಹಾಗೇ ಇದೆ.

ಲೆಕ್ಕದ ಪುಸ್ತಕ

ಅದಕ್ಕೆ ಲೂಕನೇ ಉತ್ತರ ಕೊಟ್ಟಿದ್ದಾನೆ, ಮುಂದಿನ ಪುಟದಲ್ಲೇ. ಮೂರನೇ ಅಧ್ಯಾಯ, 10ರಿಂದ 14. ನಾವು ಅದನ್ನು ಕ್ರಿಸ್ಮಸ್‌ಗೆ ಸೇರಿಸುವುದಿಲ್ಲ, ಯಾಕೆಂದರೆ ಅಲ್ಲಿ ಮಗುವೂ ಇಲ್ಲ, ದೂತರೂ ಇಲ್ಲ. ಜನರಿಗೆ ದೀಕ್ಷಾಸ್ನಾನ ಕೊಡುತ್ತಿದ್ದ ಸ್ನಾನಿಕನಾದ ಯೋಹಾನ ಇದ್ದಾನೆ, ಅವನ ಮಾತು ಬೇರೆ ಖಾರ. ಆದರೆ ಕ್ಯಾಥೊಲಿಕ್ ಸಭೆಯಲ್ಲಿ ಮೂರು ವರ್ಷಕ್ಕೊಮ್ಮೆ, ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಮೂರನೇ ಭಾನುವಾರ ಓದುವುದು ಇದೇ ಭಾಗ.

ಜನ ಬಂದು ಕೇಳುತ್ತಾರೆ, "ನಾವೇನು ಮಾಡಬೇಕು?" ಹಣತೆಯವರ ಪ್ರಶ್ನೆಯೇ. ಯೋಹಾನ ಯಾರಿಗೂ ಕಾಡಿಗೆ ಬನ್ನಿ, ನನ್ನ ಹಾಗೆ ಒಂಟೆ ಕೂದಲಿನ ಬಟ್ಟೆ ಹಾಕಿಕೊಳ್ಳಿ ಅನ್ನುವುದಿಲ್ಲ. ಎರಡು ಅಂಗಿ ಇದ್ದವರು ಇಲ್ಲದವರಿಗೆ ಒಂದು ಕೊಡಿ ಅನ್ನುತ್ತಾನೆ. ಸುಂಕದವರಿಗೆ, ಗೊತ್ತು ಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ. ಸಿಪಾಯಿಗಳಿಗೆ, ಹೆದರಿಸಿ ಕಿತ್ತುಕೊಳ್ಳಬೇಡಿ, ಸುಳ್ಳು ದೂರು ಹಾಕಬೇಡಿ, ಸಂಬಳದಲ್ಲಿ ತೃಪ್ತರಾಗಿರಿ. ಯಾರಿಗೂ ಕೆಲಸ ಬಿಡು ಅನ್ನಲಿಲ್ಲ ನೋಡಿ. ಅವರವರ ಕೆಲಸದಲ್ಲಿ ಎಲ್ಲಿ ಕೈ ಜಾರುತ್ತದೋ ಸರಿಯಾಗಿ ಅಲ್ಲೇ ಬೆರಳಿಟ್ಟ.

ನಾನು ಅಕೌಂಟ್ಸ್ ವಿಭಾಗದವನು. ಒಂದು ಸಲ ಮೇಲಿನವರು ಬಿಲ್ ಒಂದನ್ನು ನನ್ನ ಮೇಜಿಗೆ ಸರಿಸಿ, "ತಾರೀಖು ಹೋದ ತಿಂಗಳಿದ್ದು ಹಾಕು, ಅಷ್ಟೆ" ಅಂದರು. ಅಷ್ಟೆ. ಒಂದು ಅಂಕಿ. ಆಗಲ್ಲ ಸರ್ ಅಂದೆ. ಅವರು ಕೂಗಾಡಲೂ ಇಲ್ಲ. ಉಸಿರು ಬಿಟ್ಟು, ಬಿಲ್ ಎತ್ತಿಕೊಂಡು ಪಕ್ಕದ ಮೇಜಿಗೆ ಕೊಟ್ಟರು. ಪಕ್ಕದವರು ಹಾಕಿಕೊಟ್ಟರು. ನನ್ನಿಂದ ಅವರಿಗೆ ಇರಿಸುಮುರಿಸು ಆಯಿತು, ತುಂಬಾ ದಿನ ನನ್ನ ಜೊತೆ ಮಾತಾಡಲಿಲ್ಲ. ಕಂಪನಿಯೇನೂ ಸುಧಾರಿಸಲಿಲ್ಲ. ನಾನು ಹೀರೋ ಆಗಲಿಲ್ಲ, ಊಟಕ್ಕೆ ಒಬ್ಬನೇ ಕೂತೆ ಅಷ್ಟೆ.

ಮಂಗಳವಾರದ ಕ್ರಿಸ್ಮಸ್ ಅಂದರೆ ನನ್ನ ಮಟ್ಟಿಗೆ ಇಷ್ಟೇ ಸಣ್ಣದು, ಇಷ್ಟೇ ಬೋರ್.

ಹಳೇ ಸದಸ್ಯ

ನಿಮ್ಮ ಪ್ರಾಮಾಣಿಕತೆ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೂ ಒಂದು ಎಚ್ಚರಿಕೆ. ಬಿಲ್ಲಿನ ತಾರೀಖು ತಿದ್ದದೇ ಇದ್ದದ್ದರಿಂದ ದೇವರು ನಮ್ಮನ್ನು ಮೆಚ್ಚಿಕೊಂಡರು ಅಂತ ಮನಸ್ಸು ಮೆಲ್ಲಗೆ ಲೆಕ್ಕ ಇಡಲು ಶುರು ಮಾಡುತ್ತದೆ. ಪೌಲ ಎಫೆಸದವರಿಗೆ ಬರೆದ ಪತ್ರದ 2:8 ನೆನಪಿರಲಿ. ರಕ್ಷಣೆ ಕೃಪೆಯಿಂದ, ನಮ್ಮ ಕೆಲಸದಿಂದಲ್ಲ.

ಲೆಕ್ಕದ ಪುಸ್ತಕ

ಸರ್, 10ನೇ ವಚನವನ್ನೂ ಓದಿ. ಒಳ್ಳೆಯ ಕೆಲಸ ಮಾಡಲಿಕ್ಕೇ ಕ್ರಿಸ್ತ ಯೇಸುವಿನಲ್ಲಿ ನಮ್ಮನ್ನು ಸೃಷ್ಟಿಸಿದ್ದಾರೆ ಅಂತ ಪೌಲನೇ ಹೇಳುತ್ತಾನೆ. ಹಾಗೇ ಯಾಕೋಬನ ಪತ್ರದ 2ನೇ ಅಧ್ಯಾಯ. ಬಟ್ಟೆಯಿಲ್ಲದೆ, ಊಟವಿಲ್ಲದೆ ಬಂದವರಿಗೆ "ಸುಖವಾಗಿ ಹೋಗಿ ಬನ್ನಿ" ಅಂತ ಹೇಳಿ ಏನೂ ಕೊಡದಿದ್ದರೆ ಏನು ಪ್ರಯೋಜನ ಅಂತ ಕೇಳುತ್ತಾನೆ. ಅರ್ಧ ಕ್ರಿಸ್ಮಸ್ ಮೆಸೇಜುಗಳು ಹಾಗೇ ಇರುತ್ತವೆ ಅಲ್ವಾ?

ಮಗುವಿಗೆ ಕೈತುತ್ತು ಕೊಟ್ಟ ಮೇಲೆ ಅದು ದೊಡ್ಡದಾಗುತ್ತದೆ, ಓಡಾಡುತ್ತದೆ. ಓಡಾಡಿದ್ದಕ್ಕೆ ತುತ್ತು ಸಿಕ್ಕಿದ್ದಲ್ಲ. ಆದರೆ ತಿಂದೂ ತಿಂದೂ ಏಳದೇ ಇದ್ದರೆ ತಾಯಿಗೆ ಚಿಂತೆ ಆಗುತ್ತದಲ್ಲ, ನಾನು ಹೇಳುವುದು ಅಷ್ಟೆ.

ಹಳೇ ಸದಸ್ಯ

ಇದನ್ನು ಒಪ್ಪುತ್ತೇನೆ. ಕ್ರಮ ತಪ್ಪದಿರಲಿ ಅನ್ನುವುದೇ ನನ್ನ ಮಾತು. ಮೊದಲು ಆತ ಬಂದ, ಆಮೇಲೆ ನಾವು ಹೊರಟೆವು.

ಎರಡು ಮಕ್ಕಳ ಅಮ್ಮ

ಇಷ್ಟು ಹೊತ್ತು ಓದುತ್ತಿದ್ದೆ. ಈಗ ಸ್ವಲ್ಪ ಖಾರವಾಗಿ ಬರೆಯುತ್ತೇನೆ, ಕ್ಷಮಿಸಿ. ಈ ತಗ್ಗಿಸಿಕೊಳ್ಳುವುದು, ಬರಿದು ಮಾಡಿಕೊಳ್ಳುವುದು, ಸೇವೆ ಮಾಡುವುದು, ಇದನ್ನೆಲ್ಲ ನಮ್ಮಲ್ಲಿ ಯಾರಿಗೆ ಹೇಳುತ್ತಾರೆ? ಮನೆಯಲ್ಲಿ ಹೆಂಗಸರಿಗೆ. ಆಫೀಸಿನಲ್ಲಿ ಕೆಳಗಿನವರಿಗೆ. ಹಬ್ಬ ಬಂದರೆ ಒಬ್ಬರು ಸೋಫಾದಲ್ಲಿ ಕೂತು "ಕ್ರಿಸ್ಮಸ್ ಅಂದರೆ ತ್ಯಾಗ" ಅನ್ನುತ್ತಾರೆ. ಇನ್ನೊಬ್ಬರು ಅದೇ ಹೊತ್ತಿಗೆ ಒಳಗೆ ಪಾತ್ರೆ ತೊಳೆಯುತ್ತಿರುತ್ತಾರೆ. ಮೊದಲೇ ಬಗ್ಗಿದವರಿಗೆ ಇನ್ನೂ ಬಗ್ಗು ಅನ್ನುವುದು ಕ್ರಿಸ್ಮಸ್ಸಾ?

ಫಿಲಿಪ್ಪಿ 2ನ್ನು ಇನ್ನೊಮ್ಮೆ ಓದಿ. ಅಲ್ಲಿ ಇಳಿದವನು ಯಾರು? ಎಲ್ಲಕ್ಕಿಂತ ಮೇಲಿದ್ದವನು. ಯಾರೂ ಅವನನ್ನು ತಳ್ಳಲಿಲ್ಲ, ತಾನೇ ಇಳಿದ. ಹಾಗಾದರೆ ಆ ಮಾತು ಮೊದಲು ಯಾರಿಗೆ ಅನ್ವಯಿಸುತ್ತದೆ ಅಂತ ನೀವೇ ಹೇಳಿ.

ಮರಿಯಳನ್ನೂ ನಾವು ತಲೆ ತಗ್ಗಿಸಿ ಸುಮ್ಮನೆ ನಿಂತ ಗೊಂಬೆ ಮಾಡಿಬಿಟ್ಟಿದ್ದೇವೆ. ಲೂಕ 1ರಲ್ಲಿ ಅವಳು ಹಾಡಿದ್ದನ್ನು ನೋಡಿ. ಗರ್ವದವರನ್ನು ಚದುರಿಸಿದ್ದಾನೆ. ಪ್ರಭುಗಳನ್ನು ಸಿಂಹಾಸನದಿಂದ ಇಳಿಸಿದ್ದಾನೆ. ಹಸಿದವರನ್ನು ತೃಪ್ತಿಪಡಿಸಿ ಐಶ್ವರ್ಯವಂತರನ್ನು ಬರಿಗೈಲಿ ಕಳಿಸಿದ್ದಾನೆ. ಇದನ್ನು ಹಾಡಿದ ಹುಡುಗಿ ಬಾಯಿ ಸತ್ತವಳಲ್ಲ. ಆಮೇಲೆ ಅವಳೂ ಯೋಸೇಫನೂ ದೇವಾಲಯಕ್ಕೆ ತಂದ ಕಾಣಿಕೆ ಪಕ್ಷಿಗಳ ಜೋಡಿ. ಕುರಿ ಕೊಡಲು ಶಕ್ತಿ ಇಲ್ಲದವರಿಗೆ ಅಂತ ಬೈಬಲಿನ ಯಾಜಕಕಾಂಡದಲ್ಲಿ ಇಟ್ಟ ರಿಯಾಯಿತಿ ಅದು. ಅಂಥ ಮನೆಯವಳು ಆ ಹಾಡು ಹಾಡಿದಳು.

ರಾತ್ರಿಪಾಳಿ

ಅಕ್ಕ, ಇದನ್ನು ಪ್ರಿಂಟ್ ತೆಗೆದು ನಮ್ಮ ಮನೆ ಸೋಫಾದ ಮೇಲೆ ಇಡುತ್ತೇನೆ.

ಹಳೇ ಸದಸ್ಯ

ತಂಗೀ, ನೀವು ಹೇಳಿದ್ದಕ್ಕೆ ನನ್ನ ಹತ್ತಿರ ಪ್ರತಿವಾದ ಇಲ್ಲ. ಒಂದು ವಿಷಯ ಸೇರಿಸುತ್ತೇನೆ. ಬೆತ್ಲೆಹೇಮಿನಲ್ಲಿ ಯೇಸು ಹುಟ್ಟಿದ ಜಾಗ ಅಂತ ನಂಬುವ ಗುಹೆಯ ಮೇಲೆ ಹಳೆಯ ಚರ್ಚಿದೆ. ಮೊದಲು ನಾಲ್ಕನೇ ಶತಮಾನದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನ ಕಾಲದಲ್ಲಿ ಕಟ್ಟಿದ್ದು, ಆರನೇ ಶತಮಾನದಲ್ಲಿ ಮತ್ತೆ ಕಟ್ಟಿದರು. ಅದರ ಮುಂಬಾಗಿಲು ಸುಮಾರು 4 ಅಡಿ ಎತ್ತರ. ಹಿಂದೆ ದೊಡ್ಡ ಬಾಗಿಲೇ ಇತ್ತು, ಹಳೇ ಕಮಾನಿನ ಗುರುತು ಗೋಡೆಯಲ್ಲಿ ಈಗಲೂ ಕಾಣುತ್ತದೆ. ಕುದುರೆ ಹತ್ತಿಕೊಂಡು ಒಳಗೆ ನುಗ್ಗದಿರಲಿ ಅಂತ ಕಲ್ಲಿಟ್ಟು ಸಣ್ಣದು ಮಾಡಿದರು ಅನ್ನುತ್ತಾರೆ. ಅದನ್ನು ವಿನಯದ ಬಾಗಿಲು ಅಂತ ಕರೆಯುತ್ತಾರೆ.

ಅಲ್ಲಿ ಎತ್ತರದವರು ಜಾಸ್ತಿ ಬಗ್ಗಬೇಕು. ಮಕ್ಕಳು ನೆಟ್ಟಗೆ ನಡೆದು ಹೋಗುತ್ತಾರೆ. ಕುದುರೆ ಮೇಲಿದ್ದವನು ಮೊದಲು ಕೆಳಗಿಳಿಯಬೇಕು. ನಿಮ್ಮ ಮಾತಿಗೆ ಅದು ಸರಿಹೋಗುತ್ತದೆ ಅನ್ನಿಸಿತು.

ಎರಡು ಮಕ್ಕಳ ಅಮ್ಮ

ಸರಿಹೋಗುತ್ತದೆ ಅಣ್ಣ. ಥ್ಯಾಂಕ್ಸ್.

ಕಿಟಕಿ ಪಕ್ಕ

ನಾನು ಬರೆಯುವುದು ಕಡಿಮೆ. ಈ ವರ್ಷ ಅಮ್ಮ ತೀರಿಕೊಂಡರು. ಎಲ್ಲ ಕಡೆ ಸಂತೋಷ, ಸಮಾಧಾನ ಅನ್ನುವ ಮಾತು ಕೇಳಿದರೆ ಎದ್ದು ಹೋಗೋಣ ಅನ್ನಿಸುತ್ತದೆ. ಅಮ್ಮನ ಬೈಬಲಿನಲ್ಲಿ ಅವರ ಕನ್ನಡಕದ ರಸೀದಿ ಗುರುತಿಗೆ ಇಟ್ಟದ್ದು ಹಾಗೇ ಇದೆ. ತೆಗೆಯಲು ಆಗುತ್ತಿಲ್ಲ. ನನ್ನಂಥವರಿಗೆ ದಿನಾ ಕ್ರಿಸ್ಮಸ್ ಬದುಕು ಅಂದರೆ ಏನರ್ಥ? ದಿನಾ ನಗಬೇಕಾ?

ಹಣತೆ

ತೆಗೆಯಬೇಡಿ. ಅಲ್ಲೇ ಇರಲಿ.

ನಗಬೇಕು ಅಂತ ಆ ಕಥೆಯೇ ಕೇಳುವುದಿಲ್ಲ. ನಾವು ಕತ್ತರಿಸಿ ತೆಗೆದುಹಾಕುವ ಭಾಗ ಒಂದಿದೆ, ಮತ್ತಾಯ 2ರ ಕೊನೆಕೊನೆಗೆ. ಹೆರೋದ ಬೆತ್ಲೆಹೇಮಿನ ಎಳೆ ಗಂಡುಮಕ್ಕಳನ್ನು ಕೊಲ್ಲಿಸುತ್ತಾನೆ. ಅಲ್ಲಿ ಮತ್ತಾಯ ಹಳೆಯ ಪ್ರವಾದಿ ಯೆರೆಮೀಯನ ಮಾತು ತರುತ್ತಾನೆ. ಇಸ್ರಾಯೇಲರ ಮೂಲತಾಯಿ ರಾಹೇಲಳು ತನ್ನ ಮಕ್ಕಳಿಗಾಗಿ ಅಳುತ್ತಿದ್ದಾಳೆ, ಸಮಾಧಾನ ಹೇಳಿಸಿಕೊಳ್ಳಲು ಒಪ್ಪುವುದಿಲ್ಲ ಅಂತ. ಒಪ್ಪುವುದಿಲ್ಲ. ಸುವಾರ್ತೆ ಅವಳನ್ನು ಗದರಿಸುವುದಿಲ್ಲ, "ಹಬ್ಬದ ಕಥೆ, ಅಳಬೇಡ" ಅನ್ನುವುದಿಲ್ಲ. ಅವಳ ಅಳುವನ್ನು ಹಾಗೇ ಬರೆದಿಟ್ಟಿದೆ.

ಪಶ್ಚಿಮದ ಸಭೆಗಳ ಪಂಚಾಂಗದಲ್ಲಿ ಡಿಸೆಂಬರ್ 28 ಆ ಮಕ್ಕಳ ನೆನಪಿನ ದಿನ. ಡಿಸೆಂಬರ್ 26 ಕಲ್ಲೇಟಿಗೆ ಸತ್ತ ಸ್ತೆಫನನ ದಿನ. ಹಬ್ಬದ ಮಾರನೇ ದಿನವೇ ಸಾವಿನ ಮಾತು. ಇದನ್ನು ಜೋಡಿಸಿದವರಿಗೆ ಮನೆಮನೆಯ ಸ್ಥಿತಿ ಗೊತ್ತಿತ್ತು ಅನ್ನಿಸುತ್ತದೆ.

ಚರ್ಚಿಗೆ ಬಂದು ಹಿಂದಿನ ಸಾಲಲ್ಲಿ ಕೂತು, ಹಾಡದೆ, ಮಧ್ಯದಲ್ಲೇ ಎದ್ದು ಹೋದರೂ ಪರವಾಗಿಲ್ಲ. ಬರದಿದ್ದರೂ ಪರವಾಗಿಲ್ಲ.

ರಾತ್ರಿಪಾಳಿ

ರಾತ್ರಿ ನಿದ್ದೆ ಬರದಿದ್ದರೆ ಇಲ್ಲಿ ಬರೆಯಿರಿ. ನಾನು ಹೇಗೂ ಎಚ್ಚರ ಇರುತ್ತೇನೆ.

ಇತಿಹಾಸದ ಮೇಷ್ಟ್ರು

ಹಣತೆಯವರ ಮೊದಲ ಪ್ರಶ್ನೆಗೆ ಬರುತ್ತೇನೆ. 1914ರ ಕ್ರಿಸ್ಮಸ್ ನಿಮಗೆಲ್ಲ ಗೊತ್ತಿರುತ್ತದೆ. ಮೊದಲನೇ ಮಹಾಯುದ್ಧದ ಪಶ್ಚಿಮ ರಂಗದಲ್ಲಿ ಕೆಲವು ಕಡೆ ಬ್ರಿಟಿಷ್, ಜರ್ಮನ್ ಸಿಪಾಯಿಗಳು ಕಂದಕದಿಂದ ಮೇಲೆ ಬಂದರು. ಹಾಡಿದರು, ಕೈ ಕುಲುಕಿದರು, ತಮ್ಮ ಹತ್ತಿರ ಇದ್ದದ್ದನ್ನು ಬದಲಾಯಿಸಿಕೊಂಡರು, ಬಯಲಲ್ಲಿ ಬಿದ್ದಿದ್ದ ಹೆಣಗಳನ್ನು ಹೂಳಿದರು. ಎಲ್ಲರೂ ಇದನ್ನು ಕಣ್ಣೀರಿಟ್ಟು ಹೇಳುತ್ತಾರೆ. ಆಮೇಲೆ ಏನಾಯಿತು ಅಂತ ಹೇಳುವುದಿಲ್ಲ. ವಾಪಸ್ ಇಳಿದು ಮತ್ತೆ ಗುಂಡು ಹೊಡೆಯಲು ಶುರು ಮಾಡಿದರು. ಮುಂದಿನ ವರ್ಷ ಹಾಗೆ ಆಗದಂತೆ ಮೇಲಧಿಕಾರಿಗಳು ಮೊದಲೇ ಕಟ್ಟಪ್ಪಣೆ ಮಾಡಿದರು. ಯುದ್ಧ 1918ರವರೆಗೆ ನಡೆಯಿತು.

ಒಂದು ದಿನದ ಕ್ರಿಸ್ಮಸ್ ಯಾರಿಗೂ ತೊಂದರೆ ಕೊಡುವುದಿಲ್ಲ. ಅದು 26ನೇ ತಾರೀಖಿಗೂ ಮುಂದುವರಿದರೆ ಮಾತ್ರ ಅಧಿಕಾರದಲ್ಲಿ ಇರುವವರಿಗೆ ಭಯ. ಹೆರೋದನಿಗೆ ಆದದ್ದೂ ಅದೇ ಅಲ್ವಾ?

ಪುಟ ತಿರುಗಿಸು

ಮೇಷ್ಟ್ರೇ, ನಮ್ಮ ಮನೆಯಲ್ಲಿ ಇದೇ ಕಥೆ. ನನಗೂ ಅಣ್ಣನಿಗೂ ಜಾಗದ ವಿಷಯಕ್ಕೆ ಮಾತು ನಿಂತಿದೆ. ಪ್ರತಿ ಕ್ರಿಸ್ಮಸ್‌ಗೆ ಒಂದು ಮೆಸೇಜ್ ಕಳಿಸುತ್ತೇನೆ, ಅವನೂ ಒಂದು ಕಳಿಸುತ್ತಾನೆ. ಆಮೇಲೆ ಮುಂದಿನ ವರ್ಷವೇ. ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಅಂತ ಮತ್ತಾಯ 5ರಲ್ಲಿ ಇದೆ. ಓದಿದಾಗಲೆಲ್ಲ ಚುಚ್ಚುತ್ತದೆ. ಆದರೆ ಹೋಗಿ ಏನು ಮಾತಾಡಲಿ? ಜಾಗದ ವಿಷಯ ಎತ್ತಿದರೆ ಜಗಳ, ಎತ್ತದಿದ್ದರೆ ನಾಟಕ.

ಲೆಕ್ಕದ ಪುಸ್ತಕ

ಜಾಗದ ವಿಷಯಕ್ಕೆ ಇಬ್ಬರೂ ಒಪ್ಪುವ ಮೂರನೆಯವರೊಬ್ಬರನ್ನು ಇಟ್ಟುಕೊಳ್ಳಿ. ಕಾಗದಪತ್ರ ಅವರ ಮುಂದೆಯೇ ನೋಡಿ. ಅದನ್ನು ಬೇರೆ ದಿನಕ್ಕಿಡಿ. ಅಣ್ಣನನ್ನು ನೋಡಲು ಹೋಗುವುದನ್ನು ಬೇರೆ ದಿನಕ್ಕಿಡಿ. ಎರಡನ್ನೂ ಒಂದೇ ಸಲ ಮಾಡಲು ಹೋಗಬೇಡಿ. ಬೈಬಲ್ ವಚನ ಮಾತ್ರ ಜೇಬಲ್ಲೇ ಇರಲಿ, ಅವರ ಮುಂದೆ ಓದಬೇಡಿ!

ಎರಡು ಮಕ್ಕಳ ಅಮ್ಮ

ಇಲ್ಲಿ ಒಂದು ಮಾತು ಹೇಳಲೇಬೇಕು. ಎಲ್ಲ ಮುರಿದ ಸಂಬಂಧವೂ ಜಾಗದ ಜಗಳವಲ್ಲ. ಹೊಡೆಯುವವರ ಮನೆಗೆ "ಕ್ರಿಸ್ಮಸ್ ಅಲ್ವಾ, ಕ್ಷಮಿಸಿ ವಾಪಸ್ ಹೋಗು" ಅಂತ ಕಳಿಸುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದೂ ಪ್ರಾರ್ಥನೆ ಮಾಡಿ ಕಳಿಸುತ್ತಾರೆ.

ಹೆರೋದ ಮಗುವನ್ನು ಹುಡುಕುತ್ತಿದ್ದಾಗ ದೂತ ಯೋಸೇಫನಿಗೆ ಏನು ಹೇಳಿದ? ತಾಳಿಕೋ ಅಂದನಾ? ಎದ್ದೇಳು, ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಓಡಿಹೋಗು ಅಂದ. ಅವನು ರಾತ್ರೋರಾತ್ರಿ ಹೊರಟ. ಹೆರೋದ ಸತ್ತ ಸುದ್ದಿ ಬರುವವರೆಗೆ ವಾಪಸ್ ಬರಲಿಲ್ಲ. ವಾಪಸ್ ಬಂದಾಗಲೂ ಯೂದಾಯದಲ್ಲಿ ಹೆರೋದನ ಮಗ ಆಳುತ್ತಿದ್ದಾನೆ ಅಂತ ಕೇಳಿ ಹೆದರಿ ಗಲಿಲಾಯದ ಕಡೆ ಹೋದ. ಯೋಸೇಫ ದ್ವೇಷ ಮಾಡಿದ ಅಂತ ಯಾರಾದರೂ ಅನ್ನುತ್ತಾರಾ? ಜೀವ ಉಳಿಸುವುದೂ ಕ್ರಿಸ್ಮಸ್ ಕಥೆಯ ಒಳಗೇ ಇದೆ.

ಪುಟ ತಿರುಗಿಸು

ಅಕ್ಕ, ನಮ್ಮಣ್ಣ ಹೊಡೆಯುವವನಲ್ಲ, ಮೂತಿ ಉಬ್ಬಿಸುವವನು. ಲೆಕ್ಕದ ಪುಸ್ತಕ ಅವರು ಹೇಳಿದಂತೆ ಎರಡನ್ನೂ ಬೇರೆ ಮಾಡಿ ನೋಡುತ್ತೇನೆ. ಮೊದಲು ಫೋನ್ ಮಾಡುತ್ತೇನೆ. ಹಬ್ಬಕ್ಕೆ ಕಾಯುವುದಿಲ್ಲ, ಹಬ್ಬದಲ್ಲಿ ಮಾಡಿದರೆ ಅವನು ಅದನ್ನೂ ಶುಭಾಶಯದ ಲೆಕ್ಕಕ್ಕೆ ಹಾಕುತ್ತಾನೆ.

ಹಣತೆ

ತರಗತಿ ಆಯಿತು. ಗೋದಲಿ ಬಿಟ್ಟು ನೇರ ಲೂಕ 3 ಓದಿದೆವು. ಯೋಹಾನನ ಹತ್ತಿರ ಸುಂಕದವರು, ಸಿಪಾಯಿಗಳು ಬಂದು ಕೇಳಿದರಲ್ಲ, ನೀವು ಹೋಗಿ ಕೇಳಿದ್ದರೆ ಏನು ಹೇಳುತ್ತಿದ್ದ ಅಂತ ಮಕ್ಕಳಿಗೆ ಬಿಟ್ಟೆ.

ಒಬ್ಬ ತಕ್ಷಣ, "ಗ್ರೂಪ್ ಅಡ್ಮಿನ್‌ಗಳು ಬಂದು, ನಾವೇನು ಮಾಡಬೇಕು ಅಂತ ಕೇಳಿದರು. ಅವನು ಅವರಿಗೆ, ಯಾರನ್ನೂ ಆಡಿಕೊಳ್ಳಲಿಕ್ಕೆ ಅಂತಲೇ ಎರಡನೇ ಗ್ರೂಪ್ ಮಾಡಬೇಡಿ ಅಂದನು" ಅಂತ ಬೈಬಲ್ ಧಾಟಿಯಲ್ಲೇ ಹೇಳಿದ. ಎಲ್ಲರೂ ನಕ್ಕರು, ಒಂದಿಬ್ಬರು ನಗಲಿಲ್ಲ. ಒಬ್ಬಳು, "ಚೆನ್ನಾಗಿ ಓದುವವರು ಬಂದರು. ನೋಟ್ಸ್ ಇದ್ದೂ ಇಲ್ಲ ಅನ್ನಬೇಡಿ" ಅಂದಳು. ಇನ್ನೊಬ್ಬ, "ಬೈಬಲ್ ಟೀಚರ್‌ಗಳು ಬಂದರು" ಅಂತ ಶುರು ಮಾಡಿದ. ಹೇಳಿದ ಟೈಮಿಗೆ ಬಿಡಿ ಅಂತೆ. ಮೊಬೈಲ್ ಯಾರೂ ಮುಟ್ಟಲಿಲ್ಲ.

ಸುಮ್ನೆ ಓದುವವ

ನನ್ನ ಹತ್ತಿರವೂ ಎರಡಕ್ಕಿಂತ ಜಾಸ್ತಿ ಅಂಗಿ ಇದೆ, ಆ ಮಾತು ನನಗೂ ಬಿತ್ತು ಅನ್ನಿಸುತ್ತಿದೆ. ನಂಬಿಕೆ ವಿಷಯ ಆಮೇಲೆ. ಓದಬೇಕು ಅಂದರೆ ಎಲ್ಲಿಂದ ಶುರು ಮಾಡಲಿ?

ಹಳೇ ಸದಸ್ಯ

ಲೂಕನ ಮೊದಲ ಅಧ್ಯಾಯದಿಂದಲೇ. ಒಂದೇ ಸಲಕ್ಕೆ ಮೂರು ಅಧ್ಯಾಯ ಓದಿದರೆ ಇಲ್ಲಿ ಮಾತಾಡಿದ್ದು ಮುಕ್ಕಾಲು ಭಾಗ ಸಿಗುತ್ತದೆ. ಮೂರನೆಯದರ ಕೊನೆಗೆ ಉದ್ದಾನುದ್ದ ವಂಶಾವಳಿ ಬರುತ್ತದೆ, ಅದನ್ನು ಮೊದಲ ಸಲ ದಾಟಿಬಿಡಿ. ಹೆರೋದ, ಜೋಯಿಸರು, ಐಗುಪ್ತ ಇದೆಲ್ಲ ಮತ್ತಾಯ 2ರಲ್ಲಿ. ಅರ್ಥವಾಗದ ಕಡೆ ಇಲ್ಲೇ ಬರೆಯಿರಿ. ಜಗಳ ಮಾಡಬೇಕು ಅನ್ನಿಸಿದ ಕಡೆಯೂ ಬರೆಯಿರಿ.